ಅಜ್ಜನ ಕೋವಿ, ಮೊಮ್ಮಗನ ಬೀರು

ಈಚೆಗೆ ದುವ್ವಾಡದಲ್ಲಿ ನಮ್ಮ ಬಳಗದ ಒಂದು ಮನೆಗೆ ಊಟಕ್ಕೆ ಹೋಗಿದ್ದೆವು. ಮನೆಯವರು ಕೊಡಗಿನವರು, ಉಕ್ಕಿನ ಕಾರ್ಖಾನೆಯ ಕೆಲಸಕ್ಕೆಂದು ಬಂದು ಇಲ್ಲೇ ನೆಲೆಸಿದವರು. ಊಟ ಮುಗಿದು ಎಲೆ ಅಡಿಕೆ ಬರುವಷ್ಟರಲ್ಲಿ ಮಾತು ಕೋವಿಯ ಕಡೆ ತಿರುಗಿತು. ಊರಿನಲ್ಲಿ ಅಜ್ಜ ತೀರಿಕೊಂಡಿದ್ದರು. ಅವರ ಕೋವಿ ಯಾರ ಪಾಲಿಗೆ ಎಂಬುದು ಪ್ರಶ್ನೆ.

“ಇಲ್ಲಿಗೇ ತರೋಣ” ಎಂದರು ಹಿರಿಯ ಮಗ.

“ಬೀರುವಿನಲ್ಲಿ ಹಿಡಿಯೋದಿಲ್ಲ ಅಪ್ಪಾ, ನಳಿಗೆ ಸ್ವಲ್ಪ ಕತ್ತರಿಸಿದರಾಯಿತು” ಎಂದ ಮೊಮ್ಮಗ.

ನಾವು ಬಾಯಲ್ಲಿದ್ದ ಎಲೆಯನ್ನು ಅಗಿಯುವುದನ್ನೇ ನಿಲ್ಲಿಸಿದೆವು. 1959ರ ಶಸ್ತ್ರ ಕಾಯಿದೆಯ 6ನೆಯ ಪ್ರಕರಣದಂತೆ, ಅದಕ್ಕೆಂದೇ ಲೈಸೆನ್ಸ್ ಇಲ್ಲದವರು ಕೋವಿಯ ನಳಿಗೆಯನ್ನು ಗಿಡ್ಡ ಮಾಡುವಂತಿಲ್ಲ. ಕೋವಿ ನಮ್ಮದೇ ಇರಬಹುದು, ಗರಗಸವೂ ನಮ್ಮದೇ ಇರಬಹುದು. ಅಪರಾಧವೂ ನಮ್ಮದೇ ಆಗುತ್ತದೆ!

ಹುಡುಗ ಬಿಡಲಿಲ್ಲ. ಅಮೆರಿಕದಲ್ಲಿರುವ ಗೆಳೆಯನ ಮಾತು ತೆಗೆದ. ಅಲ್ಲಿ 16 ಅಂಗುಲಕ್ಕಿಂತ ಗಿಡ್ಡ ನಳಿಗೆಯ ರೈಫಲನ್ನು 1934ರ ಕಾನೂನಿನಂತೆ ಸರಕಾರದಲ್ಲಿ ದಾಖಲಿಸಬೇಕು. ಆ ಗೋಜು ಬೇಡವೆಂದು ಅನೇಕರು ಪಿಸ್ತೂಲಿನ ಹಿಂಬದಿಗೆ ಮುಂಗೈಗೆ ಬಿಗಿಯುವ ಒಂದು ಆಸರೆ ಜೋಡಿಸಿಕೊಂಡರು. 2023ರ ಜನವರಿಯಲ್ಲಿ ಸರಕಾರ, ಇಂಥವುಗಳಲ್ಲಿ ಹೆಚ್ಚಿನವು ಗಿಡ್ಡ ರೈಫಲುಗಳೇ, ಮೇ 31ರೊಳಗೆ ದಾಖಲಿಸಿ ಎಂದಿತು. 2024ರ ಜೂನಿನಲ್ಲಿ ಟೆಕ್ಸಾಸಿನ ನ್ಯಾಯಾಲಯ ಆ ನಿಯಮವನ್ನೇ ರದ್ದು ಮಾಡಿತು. ಆಸರೆಯನ್ನು ನಂಬಿದವರು ನಡುವಿನ ಒಂದೂವರೆ ವರ್ಷ ಹೇಗೆ ನಿದ್ದೆ ಮಾಡಿದರೋ!

ನಮ್ಮ ಕೊಡಗಿನ ವಿನಾಯಿತಿಯೂ ಯೋಚಿಸಿ ನೋಡಬೇಕಾದದ್ದೇ. 1861ರಲ್ಲಿ ಮಾರ್ಕ್ ಕಬ್ಬನ್ ಕೊಡವರಿಗೆ ಕೊಟ್ಟ ಮರ್ಯಾದೆ ಅದು. ಕೊಡವರೂ ಜಮ್ಮಾ ಹಿಡುವಳಿದಾರರೂ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಬಹುದು. 2021ರಲ್ಲಿ ಕರ್ನಾಟಕ ಹೈಕೋರ್ಟು ಇದನ್ನು ಎತ್ತಿಹಿಡಿಯಿತು. ಆದರೆ 2019ರ ಅಕ್ಟೋಬರಿನ ಆದೇಶ ಇದನ್ನು ಮುಂದುವರಿಸಿರುವುದು 2029ರ ವರೆಗೆ ಮಾತ್ರ. ಲೈಸೆನ್ಸಿಗಾದರೆ ಅರ್ಜಿ, ವಿಚಾರಣೆ, ಐದು ವರ್ಷಕ್ಕೊಮ್ಮೆ ನವೀಕರಣ ಎಂಬ ತಾಪತ್ರಯವುಂಟು. ಆದರೆ ಅದು ನಮ್ಮ ಹೆಸರಿನಲ್ಲಿ ಬರೆದ ಕಾಗದ. ವಿನಾಯಿತಿಯನ್ನು ನೆಚ್ಚಿದವರೂ ಕಾಗದ ಇಟ್ಟುಕೊಂಡಿರಲೇಬೇಕು. ತೀರಿಕೊಂಡವರ ಹೆಸರಿನ ಪತ್ರ ಬದುಕಿರುವವರ ಕೋವಿಗೆ ಆಸರೆಯಾಗದು.

ಅಷ್ಟು ಹೊತ್ತು ಸುಮ್ಮನಿದ್ದ ಅಜ್ಜಿ ಆಗ ಬಾಯಿಬಿಟ್ಟರು.

“ಇಲ್ಲಿ ತಂದು ಏನು ಮಾಡ್ತೀಯ ಮಗಾ? ಕೈಲ್‌ಪೊಳ್ದಿಗೆ ಹೂವಿಟ್ಟು ಪೂಜೆ ಮಾಡಬಹುದು. ಹುತ್ತರಿಯ ದಿನ ಕದಿರು ಕೊಯ್ಯುವಾಗ ಗುಂಡು ಹಾರಿಸೋಕೆ ಇಲ್ಲಿ ಗದ್ದೆ ಎಲ್ಲಿದೆ? ಕೆಳಗಿನ ಮನೆಯವರು ಪೊಲೀಸರನ್ನ ಕರೀತಾರೆ. ಅದು ಐನ್‌ಮನೆಯಲ್ಲೇ ಇರಲಿ. ನಿನ್ನ ತಮ್ಮ ಮಡಿಕೇರಿಗೆ ಹೋಗಿ ತನ್ನ ಹೆಸರಿಗೆ ಕಾಗದ ಮಾಡಿಸಲಿ. ಕೋವಿ ನೋಡಬೇಕು ಅನ್ನಿಸಿದರೆ ನೀನೇ ಊರಿಗೆ ಬಾ.”

ಮಗ ತಲೆ ತಗ್ಗಿಸಿದರು. ಹುತ್ತರಿಗೆ ಊರಿಗೆ ಹೋಗಿ ಎಷ್ಟು ವರ್ಷವಾಯಿತೆಂದು ಲೆಕ್ಕ ಹಾಕುತ್ತಿದ್ದರೋ ಏನೋ.

ಹಿರಿಯರ ಕೋವಿ, ಹೊಲ, ಮನೆ ಊರಿನಲ್ಲಿ ಬಿಟ್ಟು ಬಂದವರು ನಮ್ಮಲ್ಲಿ ಅನೇಕರಿದ್ದೀರಿ. ಕಾಗದಪತ್ರ ಯಾರ ಹೆಸರಿನಲ್ಲಿದೆ ಎಂದು ಈ ವಾರವೇ ಒಂದು ಸಲ ನೋಡಿಬಿಡಿ. ಉಳಿದದ್ದನ್ನು ಅಜ್ಜಿ ಹೇಳಿಯಾಗಿದೆ.