ಮನೆ ಕೊಂಡಿದ್ದಾಯಿತು, ಮುಂದೆ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ನ್ಯೂಜೆರ್ಸಿಗೆ ಬಂದ ನಾವು ಮನೆ ಕಟ್ಟುವುದಿಲ್ಲ, ಕೊಳ್ಳುತ್ತೇವೆ. ಕೊಂಡ ಮರುದಿನದಿಂದಲೇ ಅದನ್ನು ಎಷ್ಟಕ್ಕೆ ಮಾರಬಹುದೆಂದು ಲೆಕ್ಕ ಹಾಕುತ್ತೇವೆ. ನಮ್ಮ ಕೂಟದ ಯುಗಾದಿ ಊಟವಾಗಲಿ, ಬೇಸಿಗೆಯ ಪಿಕ್‌ನಿಕ್ಕಾಗಲಿ, ಬಿಸಿಬೇಳೆ ಭಾತು ಮುಗಿದು ಮೊಸರನ್ನಕ್ಕೆ ಬರುವ ಹೊತ್ತಿಗೆ ಮಾತು ತಪ್ಪದೆ ಬಡ್ಡಿ ದರಕ್ಕೆ, ಸ್ಕೂಲ್ ಡಿಸ್ಟ್ರಿಕ್ಟಿಗೆ, ಕೊನೆಗೆ ರೀಸೇಲ್ ವ್ಯಾಲ್ಯೂಗೆ ಬಂದು ನಿಲ್ಲುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಎರಡು ಸೂಟ್‌ಕೇಸಿನೊಂದಿಗೆ ಇಳಿದವರಿಗೆ ತಲೆಯ ಮೇಲೊಂದು ಸ್ವಂತ ಸೂರು ಸಣ್ಣ ಮಾತಲ್ಲ. ಆದರೆ ಇಷ್ಟೇ ಸಾಕೇ ಎಂಬುದು ನನ್ನ ತಕರಾರು. ಸಂಪಾದಕರು ಎರಡು ಪುಟ ಕೊಟ್ಟಿದ್ದಾರೆ. ಜಗಳ ತೆಗೆಯಲು ಅಷ್ಟು ಧಾರಾಳವಾಯಿತು.

ಮೊದಲು ಮಾರುಕಟ್ಟೆಯ ಸಂಗತಿ. 2021ರ ಜನವರಿಯಲ್ಲಿ 30 ವರ್ಷದ ಸ್ಥಿರ ಬಡ್ಡಿಯ ಗೃಹಸಾಲ ದೇಶದ ಸರಾಸರಿಯಲ್ಲಿ ಶೇಕಡಾ 2.65ಕ್ಕೆ ಇಳಿದಿತ್ತು. 2023ರ ಅಕ್ಟೋಬರಿನಲ್ಲಿ ಅದೇ ದರ 7.79 ಮುಟ್ಟಿತು. ಅಂಕಿಗಳನ್ನು ಹಾಗೇ ಓದಿದರೆ ನಾಟುವುದಿಲ್ಲ. 4 ಲಕ್ಷ ಡಾಲರ್ ಸಾಲಕ್ಕೆ ಶೇಕಡಾ 3ರಲ್ಲಿ ತಿಂಗಳ ಕಂತು ಸುಮಾರು 1,686 ಡಾಲರ್. ಶೇಕಡಾ 7ರಲ್ಲಿ 2,661. ಅದೇ ಮನೆ, ಅದೇ ಅಡಿಗೆಮನೆ, ಅದೇ ಸೋರುವ ಬೇಸ್‌ಮೆಂಟು. ತಿಂಗಳಿಗೆ ಸಾವಿರ ಡಾಲರಿನ ಹತ್ತಿರ ವ್ಯತ್ಯಾಸ! ಕಡಿಮೆ ಬಡ್ಡಿಯಲ್ಲಿ ಕೊಂಡವರು, ಮಕ್ಕಳು ಕಾಲೇಜಿಗೆ ಹೋಗಿ ನಾಲ್ಕು ಕೋಣೆ ಖಾಲಿ ಬಿದ್ದರೂ, ಕದಲುವುದಿಲ್ಲ. ಅವರು ಕದಲದಿದ್ದರೆ ಮನೆ ಮಾರಾಟಕ್ಕೆ ಬರುವುದಿಲ್ಲ. ಬಂದ ಒಂದೆರಡಕ್ಕೆ ಹತ್ತಾರು ಜನ ಮುಗಿಬೀಳುತ್ತಾರೆ, ಇನ್‌ಸ್ಪೆಕ್ಷನ್ ಕೂಡ ಬೇಡವೆಂದು ಬರೆದುಕೊಡುತ್ತಾರೆ. (ರಸಾಯನಶಾಸ್ತ್ರದವನಾಗಿ ಒಂದು ಮಾತು: ಶಾಲೆಯ ಅಂಕವನ್ನು ಹತ್ತು ಸಲ ನೋಡುವ ನಮ್ಮವರು ನೆಲಮಾಳಿಗೆಯ ರೇಡಾನ್ ಅಂಕವನ್ನು ಒಮ್ಮೆಯಾದರೂ ನೋಡಬೇಕು. ಅದು ಲೀಟರಿಗೆ 4 ಪಿಕೋಕ್ಯೂರಿ ಮುಟ್ಟಿದರೆ ಸರಿಪಡಿಸಿಕೊಳ್ಳಿ ಎನ್ನುತ್ತದೆ ಸರ್ಕಾರ. 1978ಕ್ಕಿಂತ ಹಿಂದಿನ ಮನೆಯಾದರೆ ಬಣ್ಣದಲ್ಲಿ ಸೀಸ ಇದ್ದೀತು, ಹಿತ್ತಲಲ್ಲಿ ಹೂತಿಟ್ಟ ಹಳೆಯ ಎಣ್ಣೆ ಟ್ಯಾಂಕೂ ಇದ್ದೀತು.)

ಒಟ್ಟಿನಲ್ಲಿ ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ. ಈ ಸ್ಥಿತಿಯಲ್ಲಿ ನಮ್ಮ ಟೌನ್‌ಶಿಪ್ಪಿನ ಹೆದ್ದಾರಿಯ ಪಕ್ಕ, ಮುಚ್ಚಿಹೋದ ಒಂದು ಅಂಗಡಿ ಸಾಲಿನ ಜಾಗದಲ್ಲಿ, ಬಾಡಿಗೆ ಅಪಾರ್ಟ್‌ಮೆಂಟುಗಳು ಬರುತ್ತವೆಂಬ ಸುದ್ದಿ ಹುಟ್ಟಿತು. ಅದರಲ್ಲಿ ಒಂದು ಪಾಲು, ಕಡಿಮೆ ವರಮಾನದವರಿಗೆ ಕಾನೂನಿನಂತೆ ಮೀಸಲು. ಸುದ್ದಿ ಬಂದ ವಾರದಲ್ಲೇ ಒಂದು ಸಂಜೆ ನಮ್ಮ ಮನೆಯ ಬೆಲ್ಲು ಬಾರಿಸಿತು. ನಮ್ಮ ಕೂಟದವರೇ ಒಬ್ಬರು, ವಯಸ್ಸಿನಲ್ಲೂ ಈ ದೇಶದ ಅನುಭವದಲ್ಲೂ ನನಗಿಂತ ಹಿರಿಯರು. ಕೈಯಲ್ಲಿ ಕ್ಲಿಪ್‌ಬೋರ್ಡು.

"ಡಾಕ್ಟ್ರೇ, ಇಲ್ಲೊಂದು ಸೈನ್ ಹಾಕಿಬಿಡಿ."

"ಏನು ಸಾರ್ ಇದು?"

"ಅಪಾರ್ಟ್‌ಮೆಂಟು ತರ್ತಾರಂತೆ. ಎಂತೆಂಥವರೋ ಬಂದು ಸೇರ್ಕೋತಾರೆ. ನಮ್ಮ ಮನೆ ಬೆಲೆ ಕಥೆ ಮುಗೀತು ಅಷ್ಟೇ."

"ನೀವು ಮೊದಲು ಬಂದಾಗ ಎಲ್ಲಿದ್ರಿ ಸಾರ್?"

ಅವರು ನಕ್ಕರು. ಇಬ್ಬರು ಮಕ್ಕಳೊಂದಿಗೆ ಒಂದು ಬೆಡ್‌ರೂಮಿನ ಗಾರ್ಡನ್ ಅಪಾರ್ಟ್‌ಮೆಂಟಿನಲ್ಲಿ ಆರು ವರ್ಷ ಕಳೆದ ಕಥೆಯನ್ನು ಅವರೇ ಪಿಕ್‌ನಿಕ್ಕಿನಲ್ಲಿ ಹೆಮ್ಮೆಯಿಂದ ಹೇಳಿದ್ದುಂಟು. "ಆಗಿನ ಕಾಲ ಬೇರೆ ಬಿಡಿ," ಎಂದರು. ನಾನು ಸಹಿ ಹಾಕಲಿಲ್ಲ. ಕಾಫಿ ಕುಡಿದೇ ಹೋದರು. ಈಗಲೂ ನಮ್ಮ ಸ್ನೇಹಕ್ಕೆ ಕುಂದಿಲ್ಲ. ಆದರೆ ಆ ಹಾಳೆಯಲ್ಲಿ ಅಷ್ಟು ಹೊತ್ತಿಗೇ ಬಿದ್ದಿದ್ದ ಸಹಿಗಳಲ್ಲಿ ಅರ್ಧಕ್ಕರ್ಧ ನಮ್ಮ ಹೆಸರುಗಳೇ ಎಂಬುದನ್ನು ಕಂಡು ಈ ಲೇಖನ ಬರೆಯಬೇಕೆನಿಸಿತು.

ಎಂತೆಂಥವರೋ ಎಂದರೆ ಯಾರು? ಈ ಮೀಸಲು ಮನೆಗಳಿಗೆ ವರಮಾನದ ಮಿತಿ ಆಯಾ ಪ್ರದೇಶದ ಮಧ್ಯಮ ವರಮಾನದ ಶೇಕಡಾ 80. ಅದರೊಳಗೆ ಶೇಕಡಾ 50 ಮತ್ತು 30ರ ಮೆಟ್ಟಿಲುಗಳೂ ಇವೆ. 2024ರಲ್ಲಿ ಎನ್‌ಐಎಚ್ ನಿಗದಿ ಮಾಡಿದ ಪೋಸ್ಟ್‌ಡಾಕ್ಟರಲ್ ಸ್ಟೈಪೆಂಡು ಮೊದಲ ವರ್ಷಕ್ಕೆ 61,008 ಡಾಲರ್. ಪಿಎಚ್‌ಡಿ ಮುಗಿಸಿ ಹೆಂಡತಿಯೊಡನೆ ಮಧ್ಯ ನ್ಯೂಜೆರ್ಸಿಗೆ ಬಂದಿಳಿದ ಒಬ್ಬ ಹುಡುಗ, ಆಕೆಗೆ ವೀಸಾದ ದೆಸೆಯಿಂದ ದುಡಿಯುವ ಅನುಮತಿ ಇಲ್ಲ ಎಂದಿಟ್ಟುಕೊಳ್ಳಿ, ಸಲೀಸಾಗಿ ಈ ಮಿತಿಯೊಳಗೆ ಬೀಳುತ್ತಾನೆ. ನಮ್ಮ ಪ್ರಯೋಗಶಾಲೆಯ ಟೆಕ್ನೀಷಿಯನ್ನು, ಮಕ್ಕಳ ಶಾಲೆಯ ಸಹಾಯಕ ಟೀಚರು, ಡೇ-ಕೇರಿನಲ್ಲಿ ನಮ್ಮ ಕೂಸಿಗೆ ಊಟ ಮಾಡಿಸುವಾಕೆ, ಆಸ್ಪತ್ರೆಯಲ್ಲಿ ರಕ್ತ ತೆಗೆಯುವವರು, ಇವರೆಲ್ಲ ಅದೇ ಪಟ್ಟಿಯವರು. ನಮ್ಮ ಮಕ್ಕಳನ್ನು ಅವರು ನೋಡಿಕೊಳ್ಳಬೇಕು, ಆದರೆ ರಾತ್ರಿ ಮಲಗಲು ನಲವತ್ತು ಮೈಲಿ ಆಚೆ ಹೋಗಬೇಕು! ಇದು ಯಾವ ನ್ಯಾಯ?

ಈ ರಾಜ್ಯಕ್ಕೆ ಈ ಪ್ರಶ್ನೆ ಹೊಸದಲ್ಲ. ದಕ್ಷಿಣದ ಮೌಂಟ್ ಲಾರೆಲ್ ಎಂಬ ಟೌನ್‌ಶಿಪ್ಪಿನಲ್ಲಿ ತಲೆಮಾರುಗಳಿಂದ ನೆಲೆಸಿದ್ದ ಕರಿಯ ಕುಟುಂಬಗಳು, ಸುತ್ತ ಹೊಸ ಬಡಾವಣೆಗಳು ಎದ್ದು ಬೆಲೆ ಏರಿದಾಗ, ತಮ್ಮ ಮಕ್ಕಳು ಊರಲ್ಲೇ ಉಳಿಯಲೆಂದು 36 ಅಪಾರ್ಟ್‌ಮೆಂಟು ಕಟ್ಟಲು ಅನುಮತಿ ಕೇಳಿದರು. ಟೌನ್‌ಶಿಪ್ಪು ಒಪ್ಪಲಿಲ್ಲ. 1970ರಲ್ಲಿ ಚರ್ಚಿನಲ್ಲಿ ನಡೆದ ಸಭೆಯಲ್ಲಿ, ಇಲ್ಲಿರುವ ಶಕ್ತಿ ಇಲ್ಲದವರು ಊರು ಬಿಟ್ಟು ಹೋಗಬೇಕಾದೀತು ಎಂಬರ್ಥದ ಮಾತನ್ನು ಮೇಯರರೇ ಆಡಿದರು. ಆ ಊರಿನ ಎಥೆಲ್ ಲಾರೆನ್ಸ್ ಎಂಬ ತಾಯಿ ಕೋರ್ಟಿಗೆ ಹೋದಳು. 1975ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು, ಬೆಳೆಯುತ್ತಿರುವ ಊರುಗಳು ತಮ್ಮ ಝೋನಿಂಗ್ ನಿಯಮಗಳಿಂದ ಬಡವರನ್ನು ಹೊರಗಿಡಕೂಡದು ಎಂದಿತು. ಊರುಗಳು ಕುಂಟುನೆಪ ಹೇಳುತ್ತ ಕಾಲ ತಳ್ಳಿದಾಗ 1983ರಲ್ಲಿ ಇನ್ನೂ ಕಟುವಾದ ಎರಡನೆಯ ತೀರ್ಪು ಬಂತು; 1985ರಲ್ಲಿ ಕಾನೂನಾಯಿತು. ಎಥೆಲ್ ಲಾರೆನ್ಸ್ 1994ರಲ್ಲಿ ತೀರಿಕೊಂಡಳು. ಅವಳ ಹೆಸರಿನ ಮನೆಗಳಿಗೆ ಬಾಡಿಗೆದಾರರು ಬಂದದ್ದು 2000ದಲ್ಲಿ!

ಅಲ್ಲಿನ ಜನ ಮೂವತ್ತು ವರ್ಷ ಹೆದರಿದ್ದು ನಮ್ಮವರು ಇಂದು ಹೆದರುವ ವಿಷಯಗಳಿಗೇ: ಬೆಲೆ ಬೀಳುತ್ತದೆ, ತೆರಿಗೆ ಏರುತ್ತದೆ, ಕಳ್ಳತನ ಹೆಚ್ಚುತ್ತದೆ. ಪ್ರಿನ್ಸ್‌ಟನ್ನಿನ ಸಮಾಜಶಾಸ್ತ್ರಜ್ಞ ಡಗ್ಲಸ್ ಮ್ಯಾಸಿ ಮತ್ತು ಸಂಗಡಿಗರು ಆ 140 ಮನೆಗಳು ಬಂದ ಮೇಲೆ ಏನಾಯಿತೆಂದು, ಸುತ್ತಲಿನ ಅಂಥವೇ ಊರುಗಳೊಡನೆ ಹೋಲಿಸಿ ಅಳೆದರು. 2013ರಲ್ಲಿ ಪುಸ್ತಕವಾಗಿ ಬಂತು. ಮೂರರಲ್ಲಿ ಒಂದೂ ಆಗಿರಲಿಲ್ಲ. ನಮ್ಮ ಕಸುಬಿನಲ್ಲಿ ಹೋಲಿಕೆಗೆ ಕಂಟ್ರೋಲ್ ಇಲ್ಲದ ಪ್ರಯೋಗವನ್ನು ಯಾರೂ ನಂಬುವುದಿಲ್ಲ. ಇಲ್ಲಿ ಕಂಟ್ರೋಲ್ ಇದೆ. ಒಂದೇ ಊರಿನ ಅನುಭವ ಎಲ್ಲ ಊರಿಗೂ ಸಲ್ಲಬೇಕಿಲ್ಲ ಎಂದು ವಾದಿಸಬಹುದು, ಒಪ್ಪುತ್ತೇನೆ. ಆದರೆ ಅಳೆದು ಹೇಳಿದ್ದಕ್ಕೆ ಎದುರಾಗಿ ವಾಟ್ಸಾಪಿನಲ್ಲಿ ಬಂದ ಗುಲ್ಲನ್ನು ಇಟ್ಟರೆ ಯಾವುದಕ್ಕೆ ತೂಕ?

ಸಹಿ ಹಾಕಿದವರು ತಿಳಿಯಬೇಕಾದ ವ್ಯಾವಹಾರಿಕ ಸಂಗತಿ ಇನ್ನೊಂದಿದೆ. 2024ರ ಮಾರ್ಚಿನ ಹೊಸ ಕಾನೂನಿನ ಪ್ರಕಾರ ಊರುಗಳು ಮುಂದಿನ ಹತ್ತು ವರ್ಷದ ಮನೆಗಳ ಯೋಜನೆಯನ್ನು 2025ರ ಜೂನ್ 30ರೊಳಗೆ ಕೊಡಬೇಕಿತ್ತು. ಯೋಜನೆ ಕೊಟ್ಟು ಅದರಂತೆ ನಡೆಯುವ ಊರಿಗೆ ಬಿಲ್ಡರುಗಳ ಮೊಕದ್ದಮೆಯಿಂದ ರಕ್ಷಣೆ ಉಂಟು. ಹಟ ಹಿಡಿದ ಊರಿನ ಮೇಲೆ ಬಿಲ್ಡರು ಕೋರ್ಟಿಗೆ ಹೋಗಿ, ಊರು ಬೇಡವೆಂದ ಜಾಗದಲ್ಲೇ, ಇನ್ನೂ ಒತ್ತೊತ್ತಾಗಿ ಕಟ್ಟುವ ಅಪ್ಪಣೆ ತರಬಹುದು. ಬೇಡವೇ ಬೇಡ ಎಂಬ ಕೂಗು ಕೊನೆಗೆ ಬಿಲ್ಡರನ ಜೇಬಿಗೇ ಹೋಗುವ ದಾರಿ ಇದು.

ಹಾಗೆಂದು ಬರುವ ಪ್ರತಿ ನಕ್ಷೆಗೂ ತಲೆಯಾಡಿಸಿ ಎಂದು ನಾನು ಹೇಳುತ್ತಿಲ್ಲ. 2021ರ ಸೆಪ್ಟೆಂಬರಿನಲ್ಲಿ ಐಡಾ ಚಂಡಮಾರುತದ ಮಳೆ ಮಧ್ಯ ನ್ಯೂಜೆರ್ಸಿಯ ಮನೆಗಳಿಗೆ ನುಗ್ಗಿದ್ದನ್ನು ಕಂಡವರಿಗೆ, ಇನ್ನಷ್ಟು ಡಾಂಬರು ಹಾಸಿದರೆ ನೀರು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಸಹಜ. ಶಾಲೆಯ ಕೊಠಡಿಗಳ ಪ್ರಶ್ನೆಯೂ ನಿಜವೇ. ಈ ರಾಜ್ಯದ ಸರಾಸರಿ ಆಸ್ತಿ ತೆರಿಗೆ 2024ರಲ್ಲಿ 10 ಸಾವಿರ ಡಾಲರ್ ದಾಟಿತು, ಅದರಲ್ಲಿ ಸುಮಾರು ಅರ್ಧ ಹೋಗುವುದು ಶಾಲೆಗೆ. ಕೊಡುವವರಿಗೆ ಕೇಳುವ ಹಕ್ಕಿದೆ. ನೀರು ಎಲ್ಲಿ ಹರಿಯುತ್ತದೆ, ಬಸ್ಸು ಎಲ್ಲಿ ನಿಲ್ಲುತ್ತದೆ, ಮಕ್ಕಳು ಹೆದ್ದಾರಿ ದಾಟುವುದು ಹೇಗೆ ಎಂದು ಗಟ್ಟಿಯಾಗಿ ಕೇಳೋಣ. ಆ ಕ್ಲಿಪ್‌ಬೋರ್ಡಿನ ಹಾಳೆಯಲ್ಲಿ ಇವು ಯಾವುವೂ ಇರಲಿಲ್ಲ. ಊರಿನ 'ಸ್ವರೂಪ' ಕೆಡುತ್ತದೆ ಎಂದಿತ್ತು.

ಈ ಸ್ವರೂಪ ಎಂಬ ಮಾತಿನ ಬಗ್ಗೆ ನಾವಾದರೂ ಎಚ್ಚರವಾಗಿರಬೇಕು. 1923ರಲ್ಲಿ ಈ ದೇಶದ ಸುಪ್ರೀಂ ಕೋರ್ಟು ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ, ಭಾರತೀಯರು ಬಿಳಿಯರಲ್ಲವಾದ್ದರಿಂದ ಪೌರತ್ವಕ್ಕೆ ಅನರ್ಹರು ಎಂದಿತು. ಪೌರತ್ವಕ್ಕೆ ಅನರ್ಹರಾದವರು ಕ್ಯಾಲಿಫೋರ್ನಿಯಾದಲ್ಲಿ ಹೊಲ ಕೊಳ್ಳುವಂತಿರಲಿಲ್ಲ. ನಮ್ಮದೇ ರಾಜ್ಯದ ವಿಲಿಂಗ್‌ಬರೋದಲ್ಲಿ ಲೆವಿಟ್ ಕಂಪನಿ 1958ರಲ್ಲಿ ಸಾವಿರಾರು ಮನೆ ಮಾರಲು ಹೊರಟಾಗ ಬಿಳಿಯರಿಗೆ ಮಾತ್ರ ಎಂದಿತು. 1960ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಅದನ್ನು ಮುರಿಯಬೇಕಾಯಿತು. ಆಗಲೂ ಮುಂದೆ ಬಂದ ವಾದ ಮನೆಯ ಬೆಲೆಯದೇ. 1965ರ ವಲಸೆ ಕಾನೂನು, 1968ರ ಗೃಹ ಕಾನೂನು ಬಂದ ಮೇಲೆ ಬಂದ ನಾವು, ಬೇರೆಯವರು ಬಡಿದು ತೆರೆದ ಬಾಗಿಲಿನಿಂದ ಒಳಗೆ ಬಂದವರು. ಊರಿನಲ್ಲಿಯೂ ಈ ರೋಗ ಇಲ್ಲದಿಲ್ಲ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ, ಸಸ್ಯಾಹಾರಿಗಳಿಗೆ ಮಾತ್ರ ಎಂಬ ಬೋರ್ಡೂ, "ನೀವು ಯಾವ ಪೈಕಿ?" ಎಂಬ ನಯವಾದ ಪ್ರಶ್ನೆಯೂ ಹೊಸದಲ್ಲ. ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿಯ ಜೊತೆ ಅದನ್ನೂ ಕಟ್ಟಿಕೊಂಡು ಬಂದೆವೋ ಎಂದು ಅನುಮಾನ.

ನನಗೆ ಇನ್ನೂ ಹೆಚ್ಚು ಚುಚ್ಚಿದ್ದು ಬೇರೆ. ನಮ್ಮ ಬೀದಿಯಲ್ಲಿ ಸಂಜೆ ಕಾರು ಬರುತ್ತದೆ, ಗುಂಡಿ ಒತ್ತಿದರೆ ಗರಾಜು ಬಾಯಿ ತೆರೆಯುತ್ತದೆ, ಕಾರನ್ನು ನುಂಗಿ ಮುಚ್ಚಿಕೊಳ್ಳುತ್ತದೆ. ಹಿಮ ಬಿದ್ದ ದಿನ ಸಲಿಕೆ ಹಿಡಿದು ಹೊರಗೆ ನಿಂತಾಗ ಮಾತ್ರ ಎದುರು ಮನೆಯವರ ಮುಖ ಕಾಣುತ್ತದೆ. ನವರಾತ್ರಿಗೆ ಗೊಂಬೆ ಕೂರಿಸುತ್ತೇವೆ. ಇಪ್ಪತ್ತು ಮೈಲಿ ದೂರದ ಕನ್ನಡದವರು ಅರಿಶಿನ ಕುಂಕುಮಕ್ಕೆ ಬರುತ್ತಾರೆ, ಪಕ್ಕದ ಮನೆಯ ಪೋಲಿಷ್ ಅಜ್ಜಿಗೆ ಕರೆಯೋಲೆ ಇಲ್ಲ. ನಮ್ಮ ಬೀದಿಯಲ್ಲಿ ಜನ ಬಾಗಿಲಿಂದ ಬಾಗಿಲಿಗೆ ನಡೆದು ಪರಸ್ಪರ ಮಾತಾಡಿದ್ದನ್ನು ನಾನು ನೋಡಿದ್ದು ಇದೇ ಮೊದಲು. ಅದೂ ಯಾರನ್ನೋ ಬರದಂತೆ ತಡೆಯಲು! ಅಷ್ಟೇ ಕಾಲ್ನಡಿಗೆಯಲ್ಲಿ ಆ ಅಜ್ಜಿಯ ಮೆಟ್ಟಿಲಿನ ಹಿಮ ತೆಗೆಯಬಹುದಿತ್ತು, ಮೂಲೆಮನೆಯ ಹೊಸ ಬಾಣಂತಿಗೆ ಸಾರು ಅನ್ನ ಕೊಡಬಹುದಿತ್ತು.

ಇನ್ನು ಕೆಲಸದ ಮಾತು. ಕಟ್ಟಡದ ಅರ್ಜಿ ಬಂದಾಗ 200 ಅಡಿಯೊಳಗಿನ ಆಸ್ತಿಯ ಮಾಲೀಕರಿಗೆ ಮಾತ್ರ ಕಾಗದ ಬರುತ್ತದೆ. ಉಳಿದವರು ಸಾರ್ವಜನಿಕ ಪ್ರಕಟಣೆ ನೋಡಿಕೊಳ್ಳಬೇಕು. ವಿಚಾರಣೆಗೆ ಕನಿಷ್ಠ ಹತ್ತು ದಿನ ಮುಂಚೆ ನಕ್ಷೆ, ವರದಿಗಳು ಸಾರ್ವಜನಿಕರ ಪರಿಶೀಲನೆಗೆ ಸಿಗಬೇಕೆಂಬುದು ಕಾನೂನು. ಗ್ರೀನ್ ಕಾರ್ಡಿನ ಸರದಿಯಲ್ಲಿ ನಿಂತಿರುವ ನಮ್ಮಂಥವರಿಗೆ ವೋಟಿಲ್ಲ ನಿಜ, ಆದರೆ ಪ್ಲಾನಿಂಗ್ ಬೋರ್ಡಿನ ಮುಂದೆ ಎದ್ದು ನಿಂತು ಮಾತಾಡಲು ಪೌರತ್ವ ಬೇಕಿಲ್ಲ. ನಮ್ಮ ಟೌನ್‌ಶಿಪ್ಪಿನ ನಕ್ಷೆಯನ್ನು ನಾನು ಹೋಗಿ ನೋಡಿದೆ. ಮಳೆನೀರಿನ ಕೊಳ ಸಾಲದೆಂದು ನನ್ನ ಅಭಿಪ್ರಾಯ, ಅದನ್ನು ಹೇಳುವವನಿದ್ದೇನೆ. ಅಲ್ಲಿ ಮನೆಗಳು ಬರಲಿ ಎಂದೂ ಹೇಳುವವನಿದ್ದೇನೆ. ಕ್ಲಿಪ್‌ಬೋರ್ಡಿನ ಹಿರಿಯರೂ ಅದೇ ಸಭೆಗೆ ಬರುತ್ತಾರಂತೆ, ನನಗೆದುರಾಗಿ ಮಾತಾಡಲು. ಒಂದೇ ಕಾರಿನಲ್ಲಿ ಹೋಗೋಣವೆಂದು ಫೋನು ಮಾಡಿದ್ದೇನೆ. ಇನ್ನೂ ಮೂವರಿಗೆ ಜಾಗವಿದೆ.