ದೂರವಾಣಿಯ ದೂರು

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದ ಕ್ಯಾನ್ಸಸ್ ಸಿಟಿ ಎಂಬ ಊರಿನಲ್ಲಿ ಆಲ್ಮನ್ ಸ್ಟ್ರೋಜರ್ ಎಂಬಾತನಿದ್ದನು. ಮೊದಲು ಶಾಲೆಯ ಉಪಾಧ್ಯಾಯನಾಗಿದ್ದ ಆತನು ಆ ಊರಿನಲ್ಲಿ ಕೈಗೊಂಡಿದ್ದುದು ಮೃತರ ಅಂತ್ಯಸಂಸ್ಕಾರಕ್ಕೆ ಬೇಕಾದ ಏರ್ಪಾಡುಗಳನ್ನು ಮಾಡಿಕೊಡುವ ವೃತ್ತಿ. ಆ ಕಾಲದ ದೂರವಾಣಿಯಲ್ಲಿ ಅಂಕಿಗಳನ್ನು ತಿರುಗಿಸುವ ಅಥವಾ ಒತ್ತುವ ಸೌಕರ್ಯವಿರಲಿಲ್ಲ. ಕರೆ ಮಾಡುವವರು ವಿನಿಮಯ ಕೇಂದ್ರದಲ್ಲಿ ಕುಳಿತ ಆಪರೇಟರಿಗೆ ತಮಗೆ ಯಾರು ಬೇಕೆಂಬುದನ್ನು ತಿಳಿಸಬೇಕಾಗಿದ್ದಿತು; ಆಕೆ ಒಂದು ತಂತಿಯನ್ನು ಇನ್ನೊಂದರೊಡನೆ ಕೈಯಿಂದಲೇ ಜೋಡಿಸಬೇಕಾಗಿದ್ದಿತು. ಸ್ಟ್ರೋಜರನ ಪ್ರತಿಸ್ಪರ್ಧಿಯ ಹೆಂಡತಿಯೇ ಅಲ್ಲಿ ಆಪರೇಟರಾಗಿದ್ದಳೆಂದೂ ಸ್ಟ್ರೋಜರನನ್ನು ಕೇಳಿಕೊಂಡು ಬಂದ ಕರೆಗಳನ್ನು ಆಕೆ ತನ್ನ ಗಂಡನ ಕಡೆಗೆ ತಿರುಗಿಸುತ್ತಿದ್ದಳೆಂದೂ ಒಂದು ಕಥೆ ಪ್ರಚಾರದಲ್ಲಿದೆ. ಹೇಳುವವರ ಬಾಯಲ್ಲಿ ಕಥೆಯ ವಿವರಗಳು ಬದಲಾಗುವುದುಂಟು. ತನಗೆ ಬರಬೇಕಾದ ಕರೆಗಳು ತನಗೆ ಮುಟ್ಟುತ್ತಿಲ್ಲವೆಂಬ ಸಂಶಯವು ಆತನನ್ನು ಕೊರೆಯುತ್ತಿದ್ದಿತೆಂಬುದು ಮಾತ್ರ ಎಲ್ಲ ಕಥೆಗಳಲ್ಲಿಯೂ ಇದೆ.

ಸಿಟ್ಟಾದ ಮನುಷ್ಯನು ಸಾಮಾನ್ಯವಾಗಿ ಬೈಯುತ್ತಾನೆ, ಬೈದು ಸುಮ್ಮನಾಗುತ್ತಾನೆ. ಸ್ಟ್ರೋಜರನು ಹಾಗೆ ಮಾಡಲಿಲ್ಲ. ಆಪರೇಟರಿನ ನೆರವೇ ಇಲ್ಲದೆ, ಕರೆಮಾಡಿದವನು ತಾನೇ ತನಗೆ ಬೇಕಾದ ತಂತಿಯನ್ನು ಆರಿಸಿಕೊಳ್ಳುವಂತಹ ಯಂತ್ರವೊಂದನ್ನು ಕಲ್ಪಿಸಿದನು. 1891ರಲ್ಲಿ ಅದಕ್ಕೆ ಪೇಟೆಂಟು ದೊರೆಯಿತು. ಮರುವರ್ಷವೇ ಇಂಡಿಯಾನಾ ಪ್ರಾಂತದ ಲಾಪೋರ್ಟ್ ಎಂಬಲ್ಲಿ ಅಂತಹ ಸ್ವಯಂಚಾಲಿತ ಕೇಂದ್ರವು ಕೆಲಸ ಆರಂಭಿಸಿತು. ಮುಂದೆ ಆ ಯಂತ್ರವು ಲೋಕವನ್ನೆಲ್ಲ ಸುತ್ತಿತು. 1948ರಲ್ಲಿ ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸ್ಥಾಪನೆಯಾದಾಗ ಅದು ತಯಾರಿಸಲು ತೊಡಗಿದ್ದು ಸ್ಟ್ರೋಜರ್ ಮಾದರಿಯ ಕೇಂದ್ರಗಳನ್ನೇ. ಆ ಕಾರ್ಖಾನೆಯ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರವೆಂದು ಹೆಸರಾಯಿತು.

ಒಬ್ಬ ಗ್ರಾಹಕನ ಅಸಮಾಧಾನದಿಂದ ಇಷ್ಟೆಲ್ಲವೂ ನಡೆಯಿತೆಂದು ಸಂತೋಷಪಡಬಹುದು. ಆದರೆ ಅಸಮಾಧಾನಗೊಂಡ ಪ್ರತಿಯೊಬ್ಬನೂ ಹೊಸ ಯಂತ್ರವನ್ನು ಕಂಡುಹಿಡಿಯಬೇಕೆಂದರೆ ಆಗುವ ಮಾತೇ? ಅಂಗಡಿಯವನು ಕಲ್ಲು ಬೆರೆತ ಅಕ್ಕಿಯನ್ನು ಕೊಟ್ಟರೆ ಗಿರಾಕಿಯು ಮರುವಾರ ಪಕ್ಕದ ಅಂಗಡಿಗೆ ಹೋಗುತ್ತಾನೆ. ಅದನ್ನು ತಿಳಿದೇ ಅಂಗಡಿಯವನು ಅಕ್ಕಿಯನ್ನು ಜರಡಿ ಹಿಡಿಸುತ್ತಾನೆ. ಮನೆಗೆ ಬಂದಿರುವುದು ಒಂದೇ ತಂತಿ, ಊರಿನಲ್ಲಿರುವುದು ಒಂದೇ ಕಂಪನಿ ಎಂದಾಗ ಈ ಭಯವಿರುವುದಿಲ್ಲ. ಗ್ರಾಹಕನ ದೂರಿಗೆ ಬೆಲೆ ಬರುವುದು ಆತನ ದನಿಯ ಏರಿನಿಂದಲ್ಲ. ಆತನಿಗೆ ಬಿಟ್ಟುಹೋಗುವ ಹಕ್ಕು, ಕೊಂಡ ವಸ್ತುವಿನ ಮೇಲೆ ಒಡೆತನದ ಹಕ್ಕು, ಕೇಳಿಸಿಕೊಳ್ಳುವ ನ್ಯಾಯಸ್ಥಾನ, ಇವು ಇವೆಯೇ ಎಂಬುದರಿಂದ. ಬೇರೆ ಬೇರೆ ದೇಶಗಳಲ್ಲಿ ನಡೆದುದನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಸ್ವಾತಂತ್ರ್ಯ ಬಂದಾಗ ಭಾರತದಲ್ಲಿ ಇದ್ದ ದೂರವಾಣಿಗಳು ಸುಮಾರು 80 ಸಾವಿರ. 1981ರ ಹೊತ್ತಿಗೆ, 68 ಕೋಟಿ ಜನರ ನಡುವೆ, ಅವು ಇಪ್ಪತ್ತು ಇಪ್ಪತ್ತೈದು ಲಕ್ಷದಷ್ಟಿದ್ದವು. ಅರ್ಜಿ ಹಾಕಿದವರು ವರ್ಷಗಟ್ಟಲೆ ಕಾಯಬೇಕಾಗಿದ್ದಿತು. ಮಗನು ಒಂದನೆಯ ತರಗತಿಗೆ ಸೇರಿದಾಗ ಹಾಕಿದ ಅರ್ಜಿಗೆ ಆತನು ಕಾಲೇಜಿನ ಮೆಟ್ಟಿಲು ಹತ್ತುವಾಗ ಉತ್ತರ ಬಂದೀತೆಂದು ಜನರು ನಗೆಯಾಡುತ್ತಿದ್ದರು. ದೂರದ ಊರಿನವರೊಡನೆ ಮಾತನಾಡಬೇಕಾದವರು ಟ್ರಂಕ್ ಕಾಲ್ ಬುಕ್ ಮಾಡಿ ಫೋನಿನ ಪಕ್ಕದಲ್ಲಿಯೇ ದಿನವನ್ನು ಕಳೆಯುತ್ತಿದ್ದರು. ಸಂಪರ್ಕ ದೊರೆತ ಮೇಲೂ ಕಷ್ಟ ತಪ್ಪಿದ್ದಲ್ಲ. 1960ರ ದಶಕದಲ್ಲಿ ಬೆಲ್ಜಿಯಂ ದೇಶದ ಕಂಪನಿಯೊಂದರ ಸಹಯೋಗದಿಂದ ತರಿಸಿದ ಕ್ರಾಸ್‌ಬಾರ್ ಎಂಬ ಕೇಂದ್ರಗಳು ಇಲ್ಲಿಯ ಬಳಕೆಯ ಭಾರವನ್ನು ತಾಳಲಾರದೆ ಪದೇ ಪದೇ ತೊಂದರೆ ಕೊಟ್ಟವು. ಯುರೋಪಿನಲ್ಲಿ ಒಂದು ಫೋನನ್ನು ಒಂದು ಕುಟುಂಬ ಬಳಸಿದರೆ ಇಲ್ಲಿ ಓಣಿಯವರೆಲ್ಲ ಬಳಸುತ್ತಿದ್ದರು. ಯಂತ್ರವನ್ನು ರೂಪಿಸಿದವರ ಲೆಕ್ಕದಲ್ಲಿ ಈ ಓಣಿಯು ಇರಲಿಲ್ಲ.

ಸಂಸತ್ತಿನಲ್ಲಿ ದೂರವಾಣಿಯ ಅವ್ಯವಸ್ಥೆಯನ್ನು ಕುರಿತು ಆಕ್ಷೇಪಣೆ ಬಂದಾಗ ಮಂತ್ರಿಯೊಬ್ಬರು, ಅತೃಪ್ತರಾದವರು ತಮ್ಮ ಫೋನನ್ನು ಹಿಂದಿರುಗಿಸಬಹುದು, ಅದಕ್ಕಾಗಿ ಕಾದಿರುವವರು ಬೇಕಾದಷ್ಟಿದ್ದಾರೆ ಎಂಬ ಅರ್ಥದ ಉತ್ತರವನ್ನು ಕೊಟ್ಟರೆಂಬ ಮಾತು ಬಹುಕಾಲ ಪ್ರಚಾರದಲ್ಲಿದ್ದಿತು. ಆ ಮಾತನ್ನು ಯಾರು ಹೇಗೆ ಆಡಿದರೆಂಬುದಕ್ಕಿಂತ, ಕೇಳಿದವರೆಲ್ಲರೂ ಅದನ್ನು ಸುಲಭವಾಗಿ ನಂಬಿದರೆಂಬುದೇ ಹೆಚ್ಚಿನ ಸಂಗತಿ. ಬಿಟ್ಟುಹೋಗುವ ಹಕ್ಕು ಅಲ್ಲಿಯೂ ಇದ್ದಿತು, ಹೋಗುವುದಕ್ಕೆ ಜಾಗವಿರಲಿಲ್ಲ.

ಈ ಸ್ಥಿತಿಯಲ್ಲಿ ಬದಲಾವಣೆಯ ಮೊದಲ ಹೆಜ್ಜೆಗಳಲ್ಲೊಂದು ಮೂಡಿದ್ದು ಕರ್ನಾಟಕದಲ್ಲಿಯೇ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆಯವರು ಹಳ್ಳಿಗಳಿಗೆಂದು 128 ತಂತಿಗಳ ಚಿಕ್ಕದೊಂದು ವಿನಿಮಯ ಕೇಂದ್ರವನ್ನು ರೂಪಿಸಿದರು. ಅದಕ್ಕೆ ಹವಾನಿಯಂತ್ರಿತ ಕೊಠಡಿ ಬೇಕಿರಲಿಲ್ಲ. ಬಿಸಿಲು ಧೂಳುಗಳ ನಡುವೆಯೇ ಅದು ಕೆಲಸ ಮಾಡಬಲ್ಲುದಾಗಿದ್ದಿತು. 1986ರಲ್ಲಿ ಅದನ್ನು ಮೊದಲು ನೆಲೆಗೊಳಿಸಿದ್ದು ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಓಣಿಯನ್ನೂ ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಂಡವರು ಮಾಡಿದ ಯಂತ್ರವದು.

ಅಮೆರಿಕದಲ್ಲಿ ಕಾಯುವ ಕಷ್ಟವಿರಲಿಲ್ಲ. ಅಲ್ಲಿಯ ಜಗಳವೇ ಬೇರೆ. ಮನೆಯಲ್ಲಿರುವ ಫೋನು ಮನೆಯವರದಾಗಿರದೆ ಕಂಪನಿಯದಾಗಿದ್ದಿತು. ಬಳಸುವವರು ತಿಂಗಳು ತಿಂಗಳೂ ಬಾಡಿಗೆ ತೆರುತ್ತಿದ್ದರು. ಕಂಪನಿಯು ಕೊಡದ ಯಾವ ವಸ್ತುವನ್ನೂ ಅದಕ್ಕೆ ಜೋಡಿಸುವಂತಿರಲಿಲ್ಲ. ಹಷ್-ಎ-ಫೋನ್ ಎಂಬ ಬಟ್ಟಲಿನಂತಹ ಸಾಧನವೊಂದಿದ್ದಿತು. ಅದನ್ನು ಫೋನಿನ ಬಾಯಿಗೆ ಸಿಕ್ಕಿಸಿದರೆ ಆಡುವ ಮಾತು ಪಕ್ಕದವರಿಗೆ ಕೇಳಿಸುತ್ತಿರಲಿಲ್ಲ. ಅದರಲ್ಲಿ ವಿದ್ಯುತ್ತೂ ಇಲ್ಲ, ತಂತಿಯೂ ಇಲ್ಲ. ಅದನ್ನು ಕೂಡ ಬಳಸಕೂಡದೆಂದು ಕಂಪನಿಯು ಹಟ ಹಿಡಿಯಿತು. 1948ರಲ್ಲಿ ಸರಕಾರದ ಸಂಪರ್ಕ ಆಯೋಗದ ಮುಂದೆ ಬಂದ ಈ ವ್ಯಾಜ್ಯದಲ್ಲಿ ಆಯೋಗವು ಕಂಪನಿಯ ಪಕ್ಷವನ್ನೇ ವಹಿಸಿತು. 1956ರಲ್ಲಿ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿತು. ಕೈಯನ್ನು ಬಾಯಿಗೆ ಅಡ್ಡಹಿಡಿದು ಮಾತನಾಡುವುದು ತಪ್ಪಲ್ಲವಾದರೆ ಬಟ್ಟಲನ್ನು ಅಡ್ಡಹಿಡಿಯುವುದು ಹೇಗೆ ತಪ್ಪಾದೀತು? ಇದನ್ನು ತೀರ್ಮಾನಿಸಲು ಎಂಟು ವರ್ಷಗಳು ಹಿಡಿದವು.

ಆನಂತರ ಟೆಕ್ಸಸಿನ ಥಾಮಸ್ ಕಾರ್ಟರ್ ಎಂಬಾತನು, ದೂರದ ಹೊಲಗಳಲ್ಲಿಯೂ ತೈಲಬಾವಿಗಳಲ್ಲಿಯೂ ದುಡಿಯುವವರ ರೇಡಿಯೋ ಸಾಧನವನ್ನು ದೂರವಾಣಿಯೊಡನೆ ಕೂಡಿಸುವ ಉಪಕರಣವನ್ನು ಮಾರತೊಡಗಿದನು. ಅದಕ್ಕೂ ಅಡ್ಡಿ ಬಂದಿತು. 1968ರಲ್ಲಿ ಆಯೋಗವು ಕಾರ್ಟರನ ಪರವಾಗಿ ತೀರ್ಪಿತ್ತು, ಜಾಲಕ್ಕೆ ಹಾನಿಮಾಡದ ಯಾವ ಸಾಧನವನ್ನಾದರೂ ಜೋಡಿಸಬಹುದೆಂದಿತು. ಕರೆಗಳನ್ನು ದಾಖಲಿಸುವ ಯಂತ್ರ, ಫ್ಯಾಕ್ಸ್, ಗಣಕಯಂತ್ರವನ್ನು ದೂರವಾಣಿಗೆ ಸೇರಿಸುವ ಮೋಡೆಮ್ ಮೊದಲಾದುವುಗಳಿಗೆ ಬಾಗಿಲು ತೆರೆದದ್ದು ಈ ತೀರ್ಪು. 1984ರಲ್ಲಿ ಆ ಬೃಹತ್ ಕಂಪನಿಯೇ ಒಡೆದು ಅದರ ಸ್ಥಳೀಯ ಸೇವೆಗಳು ಏಳು ಪ್ರಾದೇಶಿಕ ಕಂಪನಿಗಳ ಪಾಲಾದವು.

ಹಳೆಯ ಜಗಳವು ಹೊಸ ವೇಷದಲ್ಲಿ ಮರಳಿ ಬಂದಿದೆ. ಈಗ ಫೋನನ್ನು ಹಣ ಕೊಟ್ಟು ಕೊಳ್ಳುತ್ತಾರೆ. ಆದರೆ ಕೊಂಡವರೇ ಒಡೆಯರೆಂದು ಹೇಳಲು ಧೈರ್ಯ ಸಾಲದು. 2017ರ ಡಿಸೆಂಬರಿನಲ್ಲಿ ಆಪಲ್ ಕಂಪನಿಯು, ಬ್ಯಾಟರಿ ಸೊರಗಿದ ಹಳೆಯ ಫೋನುಗಳ ವೇಗವನ್ನು ತಾನೇ ತಗ್ಗಿಸುತ್ತಿದ್ದುದಾಗಿ ಒಪ್ಪಿಕೊಂಡಿತು. ಫೋನು ಥಟ್ಟನೆ ನಿಂತುಹೋಗದಿರಲೆಂದು ಹಾಗೆ ಮಾಡಿದೆವೆಂಬುದು ಅದರ ಸಮಾಧಾನ. ಕಾರಣವು ನಿಜವೇ ಇರಬಹುದು. ಅದನ್ನು ಮೊದಲೇ ಹೇಳಿದ್ದರೆ ಗ್ರಾಹಕನು ಹೊಸ ಫೋನಿಗೆ ದುಡ್ಡು ಸುರಿಯುವ ಬದಲು ಬ್ಯಾಟರಿಯನ್ನಷ್ಟೇ ಬದಲಾಯಿಸಿಕೊಳ್ಳುತ್ತಿದ್ದನಲ್ಲವೆ? ತಿಳಿಸದೆ ಮಾಡಿದ ಈ ತಪ್ಪಿಗಾಗಿ ಫ್ರಾನ್ಸ್ ದೇಶವು 2020ರಲ್ಲಿ ಆ ಕಂಪನಿಗೆ 2.5 ಕೋಟಿ ಯೂರೋ ದಂಡ ವಿಧಿಸಿತು. ಫೋನಿನ ಮಾತು ಹಾಗಿರಲಿ, ಲಕ್ಷಗಟ್ಟಲೆ ಕೊಟ್ಟು ಕೊಂಡ ಟ್ರ್ಯಾಕ್ಟರಿನದೂ ಇದೇ ಪಾಡು. ಅದರೊಳಗಿನ ಗಣಕವನ್ನು ತೆರೆಯುವ ಸಾಧನಗಳು ಕಂಪನಿಯವರ ಬಳಿ ಮಾತ್ರ ಇರುವುದರಿಂದ, ಕೆಟ್ಟ ಟ್ರ್ಯಾಕ್ಟರನ್ನು ಹೊಲದಲ್ಲಿಯೇ ನಿಲ್ಲಿಸಿ ಅವರ ದಾರಿ ಕಾಯಬೇಕಾಗಿದೆಯೆಂದು ಅಮೆರಿಕದ ರೈತರು ದೂರಿದರು. 2023ರಲ್ಲಿ ಕೊಲೊರಾಡೊ ರಾಜ್ಯವು ದುರಸ್ತಿಗೆ ಬೇಕಾದ ಮಾಹಿತಿಯನ್ನೂ ಸಾಧನಗಳನ್ನೂ ರೈತರಿಗೆ ಒದಗಿಸಬೇಕೆಂಬ ಕಾನೂನನ್ನು ಮಾಡಿತು. ಹದವಾದ ಮಳೆ ಬಿದ್ದಾಗ ಬಿತ್ತದೆ ಕೈಕಟ್ಟಿ ನಿಲ್ಲುವುದೆಂದರೇನೆಂಬುದನ್ನು ಕರ್ನಾಟಕದ ರೈತರಿಗೆ ವಿವರಿಸಬೇಕಾಗಿಲ್ಲ.

ಮೊಬೈಲ್ ಫೋನು ಬಂದಮೇಲೆ ಒಂದೇ ತಂತಿಯ ಕಟ್ಟು ಹರಿಯಿತು. ಆದರೂ ಇನ್ನೊಂದು ಕಟ್ಟು ಉಳಿದಿದ್ದಿತು: ಅದು ಫೋನಿನ ಸಂಖ್ಯೆ. ಬಂಧುಗಳಿಗೂ ಗಿರಾಕಿಗಳಿಗೂ ಬ್ಯಾಂಕಿಗೂ ಕೊಟ್ಟ ಸಂಖ್ಯೆಯನ್ನು ಬಿಟ್ಟುಕೊಡಲಾರದೆ ಜನರು ಕೆಟ್ಟ ಸೇವೆಯನ್ನು ಸಹಿಸಿಕೊಂಡರು. ಸಂಖ್ಯೆಯನ್ನು ಉಳಿಸಿಕೊಂಡೇ ಕಂಪನಿಯನ್ನು ಬದಲಾಯಿಸುವ ಅವಕಾಶವನ್ನು ಸಿಂಗಪುರವು 1997ರಲ್ಲಿಯೇ ಕಲ್ಪಿಸಿತು. ಭಾರತದಲ್ಲಿ ಅದು ದೇಶಾದ್ಯಂತ ಜಾರಿಗೆ ಬಂದದ್ದು 2011ರ ಜನವರಿ 20ರಂದು. ಗ್ರಾಹಕ ಸೇವೆಯವರ ನಯವಾದ ನುಡಿಗಳೆಲ್ಲವನ್ನೂ ಒಟ್ಟುಗೂಡಿಸಿದರೂ ಈ ಒಂದು ಹಕ್ಕಿಗೆ ಸಮನಾಗಲಾರವು. ಆದರೆ ಹೋಗಲು ಬಾಗಿಲುಗಳು ಹಲವಿದ್ದಾಗಲೇ ಅದಕ್ಕೆ ಬಲ. 2024ರ ಜುಲೈಯಲ್ಲಿ ಭಾರತದ ಮೂರು ಖಾಸಗಿ ಕಂಪನಿಗಳೂ ಕೆಲವೇ ದಿನಗಳ ಅಂತರದಲ್ಲಿ ತಮ್ಮ ದರಗಳನ್ನು ಏರಿಸಿದಾಗ, ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗಿ ಪ್ರಯೋಜನವೇನೆಂದು ಜನರು ಕೇಳಿದ್ದು ಸಹಜವೇ ಆಗಿದ್ದಿತು.

ಲೆಕ್ಕ ಬಲ್ಲವರಿಗೆ ಇನ್ನೊಂದು ಸಂಗತಿಯು ಸ್ವಾರಸ್ಯವಾಗಿ ಕಾಣಬಹುದು. ಬಹುಮಟ್ಟಿನ ರೀಚಾರ್ಜುಗಳ ಅವಧಿಯು 28 ದಿನ. ಜನರು ಅದನ್ನು ಒಂದು ತಿಂಗಳೆಂದು ತಿಳಿದು ಹಣ ಕಟ್ಟುತ್ತಾರೆ. ವರ್ಷದ 365 ದಿನಗಳನ್ನು 28ರಿಂದ ಭಾಗಿಸಿದರೆ ಹದಿಮೂರು ಸಲ ಕಟ್ಟಿದಂತಾಗುತ್ತದೆ. ಹದಿಮೂರನೆಯ ತಿಂಗಳು ಯಾವ ಪಂಚಾಂಗದಲ್ಲಿದೆ? ಅಧಿಕಮಾಸವಾದರೂ ಮೂರು ವರ್ಷಕ್ಕೊಮ್ಮೆ ಬರುತ್ತದೆ. ಇದು ವರ್ಷ ವರ್ಷವೂ ಬರುತ್ತದೆ. ದೂರುಗಳು ಹೆಚ್ಚಿದ ಮೇಲೆ, 30 ದಿನಗಳ ಅವಧಿಯದನ್ನೂ ಪ್ರತಿ ತಿಂಗಳು ಅದೇ ದಿನಾಂಕದಂದು ನವೀಕರಿಸಬಹುದಾದುದನ್ನೂ ಒಂದೊಂದಾದರೂ ಇಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2022ರಲ್ಲಿ ಆಜ್ಞಾಪಿಸಿತು. ಅಂತರಜಾಲವನ್ನು ಎಂದೂ ಬಳಸದ, ಗುಂಡಿ ಒತ್ತುವ ಸಣ್ಣ ಫೋನಿನಲ್ಲಿ ಮಕ್ಕಳ ದನಿಯನ್ನಷ್ಟೇ ಕೇಳಬಯಸುವ ಹಳ್ಳಿಯ ಮುದುಕಿಯು ಅಂತರಜಾಲಕ್ಕೂ ಸೇರಿಸಿ ಹಣ ತೆರಬೇಕಾಗಿದ್ದಿತು. ಮಾತಿಗೆ ಮತ್ತು ಸಂದೇಶಕ್ಕೆ ಮಾತ್ರ ಬೇರೆ ರೀಚಾರ್ಜ್ ಇರಬೇಕೆಂದು 2024ರ ಡಿಸೆಂಬರಿನಲ್ಲಿ ಪ್ರಾಧಿಕಾರವು ವಿಧಿಸಿತು.

ಶ್ರೀಮಂತ ದೇಶಗಳಲ್ಲಿ ಎಲ್ಲವೂ ಸುಗಮವೆಂಬ ಭ್ರಮೆ ಅನೇಕರಿಗಿದೆ. 2022ರ ಜುಲೈ 8ರಂದು ಕೆನಡಾ ದೇಶದಲ್ಲಿ ರೋಜರ್ಸ್ ಕಂಪನಿಯ ಇಡೀ ಜಾಲವು ಕುಸಿದುಬಿದ್ದಿತು. 1 ಕೋಟಿ 20 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಫೋನಿಲ್ಲ, ಅಂತರಜಾಲವಿಲ್ಲ. ಅಂಗಡಿಗಳಲ್ಲಿ ಕಾರ್ಡಿನಿಂದ ಹಣ ಕೊಡಲಾಗಲಿಲ್ಲ. ಆಂಬ್ಯುಲೆನ್ಸ್, ಪೊಲೀಸರನ್ನು ಕರೆಯುವ ತುರ್ತು ಸಂಖ್ಯೆಯೂ ಅನೇಕರಿಗೆ ಸಿಗಲಿಲ್ಲ. ಜಾಲದ ನಿರ್ವಹಣೆಯ ಕೆಲಸದಲ್ಲಿ ಆದ ಒಂದು ತಪ್ಪು ಇದಕ್ಕೆ ಕಾರಣ. ಸರಿಪಡಿಸಬೇಕಾದ ನೌಕರರ ಫೋನುಗಳು ಕೂಡ ಅದೇ ಜಾಲವನ್ನು ನೆಚ್ಚಿಕೊಂಡಿದ್ದುದರಿಂದ ಅವರು ಪರಸ್ಪರ ಮಾತನಾಡುವುದಕ್ಕೇ ತೊಡಕಾಯಿತು. ಬಾವಿಗೆ ಬಿದ್ದವನನ್ನು ಎತ್ತಬೇಕಾದ ಹಗ್ಗವೂ ಬಾವಿಯಲ್ಲಿಯೇ ಬಿದ್ದಿದ್ದಿತು! ಕಂಪನಿಯು ಐದು ದಿನಗಳ ಶುಲ್ಕವನ್ನು ಬಿಲ್ಲಿನಲ್ಲಿ ಕಳೆಯಿತು.

ದೂರು ಕೊಡಲು ಫೋನು ಮಾಡಿದವನಿಗೆ ಈಗ ಉತ್ತರ ಕೊಡುವುದು ಯಂತ್ರ. ಕನ್ನಡಕ್ಕೆ ಒಂದನ್ನು ಒತ್ತಿ, ಬಿಲ್ಲಿಗೆ ಎರಡನ್ನು ಒತ್ತಿ ಎಂದು ಅದು ಹೇಳುತ್ತ ಹೋಗುತ್ತದೆ. ಆಮೇಲೆ ಸಂಗೀತವನ್ನು ಕೇಳಿಸುತ್ತದೆ. ಮನುಷ್ಯರ ಪಕ್ಷಪಾತದಿಂದ ನೊಂದ ಸ್ಟ್ರೋಜರನು ಯಂತ್ರವನ್ನು ತಂದನು. ಯಂತ್ರದಿಂದ ನೊಂದವರು ಈಗ ಮನುಷ್ಯರ ದನಿಗಾಗಿ ಕಾಯುತ್ತಿದ್ದಾರೆ.

ಕೊನೆಗೆ ನ್ಯಾಯಸ್ಥಾನದ ಮಾತು. ಭಾರತದಲ್ಲಿ 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯಿಂದ ಸಾಮಾನ್ಯರೂ ಹೆಚ್ಚು ಖರ್ಚಿಲ್ಲದೆ ವ್ಯಾಜ್ಯ ಹೂಡುವುದಕ್ಕೆ ದಾರಿಯಾಯಿತು. ಆದರೆ 2009ರಲ್ಲಿ ಸುಪ್ರೀಂ ಕೋರ್ಟು, ದೂರವಾಣಿ ಬಿಲ್ಲಿನ ವ್ಯಾಜ್ಯಗಳಿಗೆ 1885ರ ಟೆಲಿಗ್ರಾಫ್ ಕಾಯಿದೆಯಲ್ಲಿ ಬೇರೆ ಮಧ್ಯಸ್ಥಿಕೆಯ ವಿಧಾನವಿರುವುದರಿಂದ ಅವುಗಳನ್ನು ಗ್ರಾಹಕ ವೇದಿಕೆಗಳು ವಿಚಾರಿಸುವಂತಿಲ್ಲವೆಂದಿತು. ಆ ಬಾಗಿಲು ಮುಚ್ಚಿದಂತಾಯಿತು. ಅಹಮದಾಬಾದಿನ ಗ್ರಾಹಕರೊಬ್ಬರಿಗೆ 2013ರ ಕೊನೆಯಲ್ಲಿ ಒಂದೇ ತಿಂಗಳಿಗೆ 24 ಸಾವಿರ ರೂಪಾಯಿಗಳಿಗೂ ಮೀರಿದ ಮೊಬೈಲ್ ಬಿಲ್ಲು ಬಂದಿತು. ಅವರು ಸಾಮಾನ್ಯವಾಗಿ ತೆರುತ್ತಿದ್ದುದು ಐದಾರು ನೂರು ಮಾತ್ರ. 2014ರಲ್ಲಿ ಅವರು ಗ್ರಾಹಕ ವೇದಿಕೆಗೆ ದೂರಿತ್ತರು. ಇದನ್ನು ಇಲ್ಲಿ ವಿಚಾರಿಸಲಾಗದೆಂದು ಕಂಪನಿಯು ಮೇಲ್ಮನವಿಯ ಮೇಲೆ ಮೇಲ್ಮನವಿ ಸಲ್ಲಿಸಿತು. ವ್ಯಾಜ್ಯವು ಜಿಲ್ಲೆಯಿಂದ ರಾಜ್ಯಕ್ಕೆ, ರಾಜ್ಯದಿಂದ ರಾಷ್ಟ್ರೀಯ ಆಯೋಗಕ್ಕೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ಫೆಬ್ರವರಿಯಲ್ಲಿ ಕೋರ್ಟು ಕಂಪನಿಯ ವಾದವನ್ನು ಒಪ್ಪದೆ, ಗ್ರಾಹಕರು ತಮ್ಮ ವೇದಿಕೆಗೆ ಹೋಗಬಹುದೆಂದು ತೀರ್ಪಿತ್ತಿತು. ಆ ತಿಂಗಳ ಬಿಲ್ಲು ಸರಿಯೋ ತಪ್ಪೋ ಎಂಬ ಪ್ರಶ್ನೆಯನ್ನು ಎಲ್ಲಿ ಕೇಳಬೇಕೆಂಬುದು ಇತ್ಯರ್ಥವಾಗಲು ಎಂಟು ವರ್ಷಗಳು ಬೇಕಾದವು.