ಎಂಜಿನ್ ಕೂತಿದೆ, ಗಾಡಿ ಇನ್ನೂ ಆಗಿಲ್ಲ

ಒಂದು ಕಾರಿನ ಎಂಜಿನ್ ಬದಲಿಸೋಕೆ ಎಷ್ಟು ದಿನ ಬೇಕು? ಆಫೀಸಿನಲ್ಲಿ ಈ ಪ್ರಶ್ನೆಯನ್ನ ಐದಾರು ಜನ ಕೇಳಿದ್ದಾರೆ. ಹಳೇದನ್ನ ಎತ್ತಿಡೋಕೆ ಅರ್ಧ ದಿನ, ಇನ್ನೊಂದನ್ನ ಇಳಿಸೋಕೆ ಅರ್ಧ ದಿನ. ಆಮೇಲೆ ಗಾಡಿ ನೆಟ್ಟಗೆ ಓಡೋ ಹಾಗೆ ಆಗೋಕೆ ಮೂರು ವಾರ. ಹೀಗೆ ಹೇಳಿದರೆ ನಗ್ತಾರೆ. ಆದರೆ ಸಾಫ್ಟ್‌ವೇರ್‌ನವರಿಗೆ ಇದು ಹೊಸ ವಿಷಯವೇನಲ್ಲ. ‘ಕೋಡ್ ಮುಗೀತು’ ಅಂತ ಸೋಮವಾರ ಹೇಳಿದವರು ರಿಲೀಸ್ ಮಾಡೋದು ಯಾವಾಗ ಅಂತ ನಮಗೆಲ್ಲ ಗೊತ್ತು.

ಈ ಮೇ ತಿಂಗಳು ವರ್ಕ್ ಫ್ರಮ್ ಹೋಮ್ ತಗೊಂಡು ಬೈಲಹೊಂಗಲದಲ್ಲಿದ್ದೆ. ನಮ್ಮ ಓಣಿಯ ಗೆಳೆಯನೊಬ್ಬ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾನೆ. ಅವನ ಹತ್ತಿರ ಒಂದು ಹಳೇ ಎಸ್ಟೀಮ್ ಇದೆ, ನಂಬರ್ ಕೆಎ-24, ನಮ್ಮೂರಿನದೇ. 1994ರಿಂದ 2007ರವರೆಗೆ ಮಾರುತಿ ಮಾರಿದ ಈ ಕಾರನ್ನ ನಿಮ್ಮಲ್ಲಿ ಬಹಳ ಜನ ಸೋದರಮಾವನ ಮದುವೆ ಫೋಟೋದಲ್ಲಿ, ಬಾನೆಟ್ ಮೇಲೆ ಹೂವಿನ ಹಾರದ ಸಮೇತ ನೋಡಿರ್ತೀರಿ. ರೇಸ್ ಮಾಡೋರಿಗೆ ಅದು ಬೇರೆ ಕಾರಣಕ್ಕೆ ಇಷ್ಟ. ಮೈಯಲ್ಲಿ ತೂಕ ಕಡಿಮೆ, 1.3 ಲೀಟರಿನ ಹದಿನಾರು ವಾಲ್ವ್ ಎಂಜಿನ್, ಮೇಲಕ್ಕೆ ಎಳೆದಷ್ಟೂ ಉತ್ಸಾಹ. ಗೆಳೆಯ ಒಳಗಿನ ಸೀಟು, ಕಾರ್ಪೆಟ್ ಎಲ್ಲ ಕಿತ್ತುಹಾಕಿ ರೋಲ್ ಕೇಜ್ ಕೂರಿಸಿದ್ದ. ಎರಡು ವರ್ಷ ದುಡ್ಡು ಕೂಡಿಸಿ ಕೊಯಮತ್ತೂರಿನ ಒಂದು ವಾರಾಂತ್ಯದ ರೇಸ್‌ಗೆ ಎಂಟ್ರಿ ಕಟ್ಟಿದ್ದ. ಲಾರಿಗೂ ಅಡ್ವಾನ್ಸ್ ಹೋಗಿತ್ತು. ಅವನ ಅಪ್ಪನ ಪ್ರಕಾರ ಅದೆಲ್ಲ ಹೊಳ್ಯಾಗ ಹಾಕಿದ ರೊಕ್ಕ.

ತೊಂದರೆ ಏನಂದರೆ ಹಳೇ ಎಂಜಿನ್ ಆಯಿಲ್ ಕುಡೀತಿತ್ತು. ಕಂಪ್ರೆಷನ್ ಅಳೆದು ನೋಡಿದರೆ ನಾಲ್ಕು ಸಿಲಿಂಡರ್‌ನಲ್ಲಿ ಒಂದು ಪೂರ್ತಿ ಸೋತಿತ್ತು. ಸಿಲಿಂಡರ್‌ಗಳ ನಡುವೆ ಶೇ. 10ರಷ್ಟು ವ್ಯತ್ಯಾಸ ಇದ್ದರೆ ನಡೆಯುತ್ತೆ, ಇದು ಅದನ್ನ ದಾಟಿ ಎಷ್ಟೋ ದಿನ ಆಗಿತ್ತು. ಒಳ್ಳೆ ಎಸ್ಟೀಮ್ ಎಂಜಿನ್ ಈಗ ಸುಲಭಕ್ಕೆ ಸಿಗಲ್ಲ. ಹುಬ್ಬಳ್ಳಿಯಲ್ಲಿ ಸಿಕ್ಕಿದ್ದು ಜಿಪ್ಸಿಯದು.

ಜಿಪ್ಸಿ ಮತ್ತು ಎಸ್ಟೀಮ್, ಎರಡರದೂ ಒಂದೇ ಮನೆತನದ 1298 ಸಿಸಿ ಎಂಜಿನ್. ಕಂಪನಿ ಲೆಕ್ಕದಲ್ಲಿ ಎಸ್ಟೀಮ್‌ಗೆ 85 ಅಶ್ವಶಕ್ತಿ, ಜಿಪ್ಸಿಗೆ 80. ಹಂಗಾದರೆ ಇಟ್ಟರೆ ಆಯ್ತಲ್ಲ ಅಂತೀರಾ? ಜಿಪ್ಸಿಯಲ್ಲಿ ಎಂಜಿನ್ ಉದ್ದಕ್ಕೆ ಕೂತಿರುತ್ತೆ, ಎಸ್ಟೀಮ್‌ನಲ್ಲಿ ಅಡ್ಡಕ್ಕೆ. ದಿಕ್ಕು ಬದಲಾದರೆ ಅದರ ಮೈಮೇಲಿರೋ ಎಲ್ಲವೂ ಬದಲಾಗಬೇಕು. ಸಂಪ್, ಇನ್‌ಟೇಕ್ ಮ್ಯಾನಿಫೋಲ್ಡ್, ಮೌಂಟ್ ಬ್ರಾಕೆಟ್, ಫ್ಲೈವ್ಹೀಲ್, ವೈರಿಂಗ್ ಹೀಗೆ ಒಂದೊಂದನ್ನೂ ಹಳೇ ಎಂಜಿನ್‌ನಿಂದ ಬಿಚ್ಚಿ ಇದಕ್ಕೆ ತೊಡಿಸಬೇಕು. ಒಂದು ಬ್ರಾಕೆಟ್ ಬಿರುಕು ಬಿಟ್ಟಿತ್ತು. ಅದನ್ನ ಬೆಳಗಾವಿಯ ಉದ್ಯಮಬಾಗದಲ್ಲಿ ಹೊಸದಾಗಿ ಮಾಡಿಸಿದೆವು. ಫೌಂಡ್ರಿ, ಲೇಥ್ ಎಲ್ಲ ಸಾಲಾಗಿ ಇರೋ ಜಾಗ ಒಂದು ತಾಸಿನ ದಾರೀಲಿ ಇರೋದು ನಮ್ಮ ಕಡೆಯವರ ಪುಣ್ಯ. ಬೆಂಗಳೂರಿನಲ್ಲಿ ಇದೇ ಕೆಲಸಕ್ಕೆ ನಾಲ್ಕು ಕಡೆ ಫೋನ್ ಮಾಡಿ, ಟ್ರಾಫಿಕ್‌ನಲ್ಲಿ ಒಂದು ದಿನ ಕಳೀಬೇಕಿತ್ತು.

ಇಲ್ಲೊಂದು ಮಾತು. ಇದನ್ನ ಓದಿ ಯಾರಾದರೂ ದಿನಾ ಓಡಿಸೋ ಕಾರಿಗೆ ದೊಡ್ಡ ಎಂಜಿನ್ ಕೂರಿಸೋ ಯೋಚನೆ ಮಾಡಿದರೆ ಬೇಡ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗೋ ಹಾಗೆ ಗಾಡಿ ಬದಲಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಅನುಮತಿ ಇಲ್ಲದೆ ಎಂಜಿನ್ ಬದಲಿಸಿದ್ದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಗೆಳೆಯನ ಗಾಡಿ ರಸ್ತೆಗೆ ಇಳಿಯಲ್ಲ. ಟ್ರ್ಯಾಕ್‌ಗೂ ಅದು ಲಾರಿ ಮೇಲೇ ಹೋಗೋದು.

ಕೆಲಸ ಮಾಡಿದ್ದು ಒಬ್ಬ ಟ್ರ್ಯಾಕ್ಟರ್ ಮಿಸ್ತ್ರಿ. ಅರವತ್ತು ದಾಟಿದವರು, ನಾವೆಲ್ಲ ಕಾಕಾ ಅಂತೀವಿ. ಮೇ ತಿಂಗಳಲ್ಲಿ ಅವರ ಶೆಡ್ ಮುಂದೆ ಟ್ರ್ಯಾಕ್ಟರ್‌ಗಳ ಸಾಲು, ಯಾಕಂದರೆ ಬಿತ್ತಗಿ ಹತ್ತಿರ ಬಂದಿರುತ್ತೆ. ಹಗಲೆಲ್ಲ ಟ್ರ್ಯಾಕ್ಟರ್, ಸಂಜೆ ಏಳರ ಮೇಲೆ ನಮ್ಮ ಎಸ್ಟೀಮ್. ಗೆಳೆಯ ಒಂದು ದಿನ ತಡೀಲಾರದೆ ಅವಸರ ಮಾಡಿದ. ಕಾಕಾ ಪಾನಾ ಕೆಳಗಿಡದೇ ಹೇಳಿದರು: “ತಮ್ಮಾ, ನಿಂದು ರೇಸ್ ತಪ್ಪಿದ್ರ ಮತ್ತೊಂದು ಬರತೈತಿ. ರೈತಂದು ಮಿರಗ ತಪ್ಪಿದ್ರ ವರ್ಷಾನ ಹೋತು.” ಆಮೇಲೆ ಯಾರೂ ಅವಸರ ಮಾಡಲಿಲ್ಲ.

ಹತ್ತನೇ ದಿನ ಚೈನ್ ಪುಲ್ಲಿಯಿಂದ ಎಂಜಿನ್ ಇಳಿಸಿ ಕೂರಿಸಿದರು. ಗೆಳೆಯ ಫೋಟೋ ತೆಗೆದು ಸ್ಟೇಟಸ್ ಹಾಕಿದ, ಎಲ್ಲರೂ ‘ಮುಗೀತಲ್ಲ!’ ಅಂದರು. ನಿಜವಾದ ಕೆಲಸ ಶುರುವಾಗಿದ್ದು ಅವತ್ತು.

ಮೌಂಟ್‌ಗಳ ಬೋಲ್ಟನ್ನ ಒಂದೊಂದಾಗಿ ಬಿಗಿ ಮಾಡಬಾರದು. ಎಲ್ಲವನ್ನೂ ಸಡಿಲ ಇಟ್ಟು, ಎಂಜಿನ್ನನ್ನ ಕೈಯಿಂದ ಅಲ್ಲಾಡಿಸಿ, ಅದು ತಾನಾಗಿ ತನ್ನ ಜಾಗ ಹಿಡಿದ ಮೇಲೆ ಬಿಗಿಯಬೇಕು. ಇಲ್ಲದಿದ್ದರೆ ಇಡೀ ಬಾಡಿ ನಡುಗುತ್ತೆ. ಮೊದಲ ಸಲ ಸ್ಟಾರ್ಟ್ ಮಾಡೋ ಮುಂಚೆ ಫ್ಯೂಯೆಲ್ ಪಂಪಿನ ಫ್ಯೂಸ್ ಕಿತ್ತು, ಸ್ಪಾರ್ಕ್ ಪ್ಲಗ್ ಬಿಚ್ಚಿ, ಆಯಿಲ್ ಲೈಟ್ ಆರೋವರೆಗೆ ಬರೀ ಸ್ಟಾರ್ಟರ್ ತಿರುಗಿಸಬೇಕು. ಬೇರಿಂಗ್‌ಗಳಿಗೆ ಆಯಿಲ್ ತಲುಪೋ ಮೊದಲೇ ಎಂಜಿನ್ ಹೊತ್ತಿಕೊಂಡರೆ ಹುಬ್ಬಳ್ಳಿಗೆ ಮತ್ತೊಂದು ಟ್ರಿಪ್ ಗ್ಯಾರಂಟಿ. ರೇಡಿಯೇಟರ್‌ಗೆ ನೀರು ಹಾಕೋದು ಕೂಡ ಬಕೆಟ್‌ನಿಂದ ಸುರಿದಂಗಲ್ಲ. ಮುಂದಿನ ಭಾಗ ಜ್ಯಾಕ್ ಮೇಲೆ ಎತ್ತಿ, ಹೀಟರ್ ಬಿಸಿಗೆ ಇಟ್ಟು, ಮುಚ್ಚಳ ತೆಗೆದು, ಫ್ಯಾನ್ ತಾನಾಗಿ ತಿರುಗೋವರೆಗೂ ಒಳಗಿನ ಗಾಳಿಯನ್ನೆಲ್ಲ ಹೊರಗೆ ಬಿಡಬೇಕು. ಮೇ ತಿಂಗಳ ಬಿಸಿಲಲ್ಲಿ ಒಂದು ಗಾಳಿ ಗುಳ್ಳೆ ಉಳಿದರೂ ಹೆಡ್ ಗ್ಯಾಸ್ಕೆಟ್ ಹೋಗುತ್ತೆ.

ಇಷ್ಟೆಲ್ಲ ಮಾಡಿದ ಮೇಲೂ ಗಾಡಿ ಸರಿಯಾಗಿ ಸ್ಟಾರ್ಟ್ ಆಗ್ತಿರಲಿಲ್ಲ. ಸ್ಟಾರ್ಟರ್ ಸೋತು ಸೋತು ತಿರುಗೋದು, ಚೆಕ್ ಎಂಜಿನ್ ಲೈಟ್ ಉರಿಯೋದು. ಲೈಟ್ ಮಿಣುಕೋದನ್ನ ಎಣಿಸಿ ನಾನು ಕೋಡ್ ಓದಿದೆ, ಯಾವುದೋ ಸೆನ್ಸರ್ ಕಡೆ ಬೆರಳು ತೋರಿಸ್ತಿತ್ತು. ಕಾಕಾ ಅದನ್ನ ಕೇಳಿಸಿಕೊಂಡರು, ಏನೂ ಅನ್ನಲಿಲ್ಲ. ಗೆಳೆಯನಿಗೆ ಸ್ಟಾರ್ಟರ್ ಒತ್ತು ಅಂತ ಹೇಳಿ ಕ್ಲಚ್ ಕೇಬಲ್ ಮುಟ್ಟಿ ನೋಡಿದರು. ಕೇಬಲ್ ಬೆಚ್ಚಗಾಗಿತ್ತು! ಬ್ಯಾಟರಿಯ ಕರೆಂಟಿಗೆ ವಾಪಸ್ ಹೋಗೋಕೆ ಸರಿಯಾದ ದಾರಿ ಸಿಗದೆ ಅದು ಕ್ಲಚ್ ಕೇಬಲ್ ಹಿಡಿದು ಹೋಗ್ತಿತ್ತು. ಹಿಂದಿನ ವಾರ ಗೆಳೆಯ ಎಂಜಿನ್ ಬೇಗೆ ಚೆಂದ ಕಾಣಲಿ ಅಂತ ಪೇಂಟ್ ಹೊಡೆದಿದ್ದ, ಅರ್ತ್ ವೈರ್ ಕೂರೋ ಜಾಗಕ್ಕೂ ಸೇರಿಸಿ. ಎಮರಿ ಪೇಪರ್‌ನಿಂದ ಎರಡು ನಿಮಿಷ ಉಜ್ಜಿದರು. ಸೆನ್ಸರಿನ ದೂರು ಕೂಡ ಹೋಯಿತು.

ರೇಸ್ ಅಂದರೆ ದೊಡ್ಡೂರವರ ಆಟ, ಬೈಲಹೊಂಗಲದ ಶೆಡ್‌ಗೂ ಅದಕ್ಕೂ ಏನು ಸಂಬಂಧ ಅಂತ ಕೇಳೋರು ಕೊಯಮತ್ತೂರಿನ ಕಥೆ ತಿಳಿದುಕೊಳ್ಳಬೇಕು. ಅದೂ ಹತ್ತಿ, ಮಿಲ್ಲು, ಪಂಪ್‌ಸೆಟ್, ಫೌಂಡ್ರಿಗಳ ಊರೇ. ಅಲ್ಲಿನ ಗಿರಣಿ ಮನೆತನದ ಎಸ್. ಕರಿವರ್ಧನ್ 80ರ ದಶಕದ ಕೊನೆಗೆ ಮಾರುತಿ 800ರ 796 ಸಿಸಿ ಎಂಜಿನ್ ತೆಗೆದು ಒಂಟಿ ಸೀಟಿನ ರೇಸ್ ಕಾರಿಗೆ ಕೂರಿಸಿದರು. ಸಂತೆಗೆ ಹೋಗೋ ಕಾರಿನ ಎಂಜಿನ್ನೇ ರೇಸ್‌ಗೆ! ಅದೇ ಫಾರ್ಮುಲಾ ಮಾರುತಿ. 2005ರಲ್ಲಿ ಫಾರ್ಮುಲಾ ಒನ್‌ಗೆ ಹೋದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಶುರುವಿನಲ್ಲಿ ಓಡಿಸಿದ್ದು ಇಂಥದ್ದನ್ನೇ. 1995ರಲ್ಲಿ ಕರಿವರ್ಧನ್ ವಿಮಾನ ಅಪಘಾತದಲ್ಲಿ ತೀರಿಹೋದರು. ನಾವು ಹೊರಟಿದ್ದ 2.1 ಕಿ.ಮೀ. ಟ್ರ್ಯಾಕ್‌ಗೆ ಅವರದೇ ಹೆಸರು: ಕರಿ ಮೋಟಾರ್ ಸ್ಪೀಡ್‌ವೇ.

ಗುರುವಾರ ಮುಂಜಾನೆ ಲಾರಿ. ಬುಧವಾರ ಸಂಜೆ ಗಾಡಿ ಚೆನ್ನಾಗಿ ಓಡ್ತಿತ್ತು, ಟೆಂಪರೇಚರ್ ಮುಳ್ಳು ಅರ್ಧದಲ್ಲೇ ನಿಂತಿತ್ತು. ಕಾಕಾ ಕೆಳಗೆ ಒಂದು ರಟ್ಟು ಹಾಸಿ, ಒಂದು ತಾಸು ಹಂಗೇ ಬಿಡ್ರಿ ಅಂದರು. ತಾಸಿನ ಮೇಲೆ ಟಾರ್ಚ್ ಹಿಡಿದು ನೋಡಿದರೆ ರಟ್ಟಿನ ಮೇಲೆ ಎಂಟಾಣೆ ಅಗಲದ ಒಂದು ಕಲೆ. ಎಂಜಿನ್ ಗೇರ್‌ಬಾಕ್ಸ್ ಸೇರೋ ಜಾಗದಿಂದ, ಅಂದರೆ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್. ಹೊಸ ಸೀಲೇ ಹಾಕಿದ್ದು, ಆದರೆ ಅದರ ತುಟಿ ಮಡಚಿತ್ತು. ಅದನ್ನ ಮುಟ್ಟಬೇಕಂದರೆ ಡ್ರೈವ್ ಶಾಫ್ಟ್, ಗೇರ್‌ಬಾಕ್ಸ್, ಕ್ಲಚ್ ಎಲ್ಲ ಮತ್ತೆ ಬಿಚ್ಚಬೇಕು. ಆಗ ರಾತ್ರಿ ಒಂಬತ್ತೂವರೆ.

ಗೆಳೆಯ ಅಂದ, “ಕಾಕಾ, ತೊಟ್ಟು ಅಷ್ಟ ಐತಿ. ಎಂಟು ಲ್ಯಾಪ್ ಓಡಸೂದು, ಬಂದ ಮ್ಯಾಲೆ ಮಾಡೂಣು.”

ಅವನ ಮಾತಲ್ಲಿ ಲೆಕ್ಕ ಇತ್ತು. ಅಷ್ಟು ಸೋರಿಕೆಗೆ ಎಂಟು ಲ್ಯಾಪಿನಲ್ಲಿ ಎಂಜಿನ್ ಹಾಳಾಗಲ್ಲ. ಎಂಟ್ರಿ ದುಡ್ಡು ವಾಪಸ್ ಬರಲ್ಲ, ಲಾರಿ ಅಡ್ವಾನ್ಸೂ ಬರಲ್ಲ, ಮನೇಲಿ ಅಪ್ಪನ ಮುಖ ನೋಡಬೇಕು. ಆದರೆ ಟ್ರ್ಯಾಕ್ ಮೇಲೆ ಬಿದ್ದ ಆಯಿಲ್ ನಿನ್ನ ಗಾಡಿಗೆ ಏನೂ ಮಾಡಲ್ಲ. ಹಿಂದೆ ಬರೋನ ಟೈರಿನ ಕೆಳಗೆ, ತಿರುವಿನಲ್ಲಿ, ನೂರರ ವೇಗದಲ್ಲಿ ಅದು ಸಿಗುತ್ತೆ. ರೇಸ್ ಮುಂಚಿನ ಸ್ಕ್ರೂಟಿನಿಯಲ್ಲಿ ಬೆಲ್ಟು, ಕೇಜು, ಬೆಂಕಿ ಆರಿಸೋ ಸಿಲಿಂಡರು, ಬ್ಯಾಟರಿ ಕಟ್‌ಆಫ್ ಸ್ವಿಚ್ಚಿನ ಜೊತೆ ಸೋರಿಕೆಯನ್ನೂ ನೋಡೋದು ಇದಕ್ಕೇ. ಆಯಿಲ್ ಹಿಡಿಯೋ ಕ್ಯಾಚ್ ಟ್ಯಾಂಕ್ ಇಡಿಸೋದೂ ಇದಕ್ಕೇ. ಎಂಟುನೂರು ಕಿ.ಮೀ. ಹೋಗಿ ಅಲ್ಲಿ ಒರೆಸಿ ತೋರಿಸಿದರೆ ಬಹುಶಃ ಪಾಸಾಗ್ತಿತ್ತು. ನನ್ನ ಭಯ ಇದ್ದದ್ದು ಅದೇ, ಪಾಸಾಗಿಬಿಟ್ಟರೆ ಅಂತ. ಹಂಗೇ ಹೇಳಿದೆ ಕೂಡ. ಗೆಳೆಯ ನನ್ನ ಜೊತೆ ಅರ್ಧ ತಾಸು ಮಾತಾಡಲಿಲ್ಲ.

ಕಾಕಾ ಮಾತ್ರ ವಾದ ಮಾಡಲಿಲ್ಲ. “ನನ್ನ ಶೆಡ್ಡಿನಿಂದ ಸೋರೂ ಗಾಡಿ ಹೋಗೂದಿಲ್ಲ,” ಅಂದು ಜ್ಯಾಕ್ ಎಳೆದುಕೊಂಡರು. ಸ್ಪೇರ್ ಸೀಲ್ ಗೆಳೆಯನ ಅಂಗಡಿಯಲ್ಲಿ ಇರಲಿಲ್ಲ. ಅಲ್ಲಿ ಇರೋದೆಲ್ಲ ಟ್ರ್ಯಾಕ್ಟರ್‌ದು. ರಾತ್ರಿ ಹತ್ತಕ್ಕೆ ಪರಿಚಯದ ಅಂಗಡಿಯವರನ್ನ ಎಬ್ಬಿಸಿ, ಧಾರವಾಡಕ್ಕೆ ಬೈಕ್ ಮೇಲೆ ಹೋಗಿ ತಂದದ್ದಾಯ್ತು. ಅಷ್ಟರಲ್ಲಿ ಗೇರ್‌ಬಾಕ್ಸ್ ಕೆಳಗಿಳಿದಿತ್ತು. ಎರಡು ಗಂಟೆಗೆ ಗೆಳೆಯನ ಅಪ್ಪ ಬಂದರು. ಬೈಯೋಕೆ ಬಂದಿದ್ದಾರೆ ಅಂದುಕೊಂಡೆವು. ಅವರು ಚಹಾದ ಥರ್ಮಾಸ್ ಇಟ್ಟು, ಟಾರ್ಚ್ ತಗೊಂಡು ನಾಲ್ಕೂವರೆವರೆಗೆ ಬೆಳಕು ಹಿಡಿದು ಕೂತರು. ರೇಸ್ ಬಗ್ಗೆ ಒಂದು ಮಾತೂ ಆಡಲಿಲ್ಲ.

ಮತ್ತೆ ರಟ್ಟು, ಮತ್ತೆ ಒಂದು ತಾಸು. ಒಣಗಿತ್ತು. ಲಾರಿಯವನು ಅಷ್ಟೊತ್ತಿಗೆ ಮೂರು ಸಲ ಹಾರ್ನ್ ಹೊಡೆದಿದ್ದ.

ಕೊಯಮತ್ತೂರಿನಲ್ಲಿ ಹದಿನಾಲ್ಕು ಗಾಡಿಗಳಲ್ಲಿ ಒಂಬತ್ತನೇದಾಗಿ ಮುಗಿಸಿದ. ನಿದ್ದೆಗೆಟ್ಟ ಕಣ್ಣು, ಪರಿಚಯವಿಲ್ಲದ ಟ್ರ್ಯಾಕ್, ಪ್ರಾಕ್ಟೀಸ್‌ನಲ್ಲಿ 5500 ದಾಟಬೇಡ ಅನ್ನೋ ಕಾಕಾನ ಆಜ್ಞೆ, ಇಷ್ಟರ ನಡುವೆ ಒಂಬತ್ತು ಕಡಿಮೆಯೇನಲ್ಲ. ಸಂಜೆ ಕಾಕಾಗೆ ಫೋನ್ ಹಚ್ಚಿದ. ಎಷ್ಟನೇ ನಂಬರ್ ಅಂತ ಅವರು ಕೇಳಲೇ ಇಲ್ಲ.

“ಕೆಳಗ ನೋಡಿದ್ಯೇನು?”

“ನೋಡೇನ್ರಿ ಕಾಕಾ. ಒಂದ ತೊಟ್ಟೂ ಇಲ್ಲ.”

“ಆತು. ಇಲ್ಲೆ ಟ್ರ್ಯಾಕ್ಟರ್ ಬಿಚ್ಚಿಟ್ಟೇನಿ, ಆಮ್ಯಾಲೆ ಮಾತಾಡೂಣು,” ಅಂದು ಇಟ್ಟುಬಿಟ್ಟರು.